ಹಿಟ್ಟಿಗೆ ಶಾಯಿ ಇಲ್ಲ

ಬನಹಟ್ಟಿ ಬಸ್‌ಸ್ಟ್ಯಾಂಡ್ ಎದುರು ನಮ್ಮ ಪ್ರೆಸ್ಸು.
ಹಿಂದ ಮಗ್ಗ, ಮುಂದ ಬಸ್ಸಿನ ಹಾರ್ನು,
ನಡುವ ನಾನು, ಒಂದು ಹಳೇ ಕಂಪ್ಯೂಟರು.
ಲಗ್ನಪತ್ರಿಕಿ, ಜಾವಳದ ಚೀಟಿ,
ತೀರಿಕೊಂಡವರ ಫೋಟೋದ ಹಿಂದಿನ ನೀಲಿ ಆಕಾಶ,
ಎಲ್ಲಾ ಒಂದಽ ಮೌಸಿನಾಗ ಮಾಡಾಂವ.

ಅವತ್ತು ಬಂದಾಂವ ಚನ್ನಮಲ್ಲ ತುಂಗಳ,
ಕ್ಯಾಸೆಟ್ ಕಂಪನಿ ಹೊಸದಾಗಿ ತಗದಿದ್ದ.
"ಬೀಸೂ ಕಲ್ಲಿನ ಪದಾ, ಎರಡೂ ಕಡಿ ಸೇರಿ ಹದಿನಾಲ್ಕು.
ಹಾಡಿದಾಕಿ ಹಳಿಂಗಳಿ ದುಂಡವ್ವ.
ಬಸ್ಸು ಎರಡು ಮಿನಿಟ್ ನಿಂದರತೈತಿ, ತಿಳೀತಾ?
ಪೋಸ್ಟರ್ ಹೆಂಗಿರಬೇಕಂದ್ರ,
ಕಿಡಿಕ್ಯಾಗ ಕುಂತಾಂವ ಚುರಮುರಿ
ಬಾಯಿಗೆ ಒಯ್ಯೂದ ಮರೀಬೇಕು."

ಕೆಂಪಿನ ಮ್ಯಾಲ ಹಳದಿ ಅಕ್ಷರ,
ಅದರ ಸುತ್ತ ಕರೀ ಗೆರಿ, ಗೆರಿಗೊಂದು ನೆರಳು.
ಬಿಸಲಾಗ ಮೊದಲು ಸಾಯೂದು ಕೆಂಪು,
ಅದಕ್ಕ ಒಂದು ಕೈ ಹೆಚ್ಚಿಗಿ ಹಾಕಿದೆ.
ಗುಲಾಬಿ ಎರಡು ಮೂಲಿಗೆ.
ಹಿಂದ ಒಂದು ಜಲಪಾತ, ಗೋಕಾಕದ್ದಲ್ಲ,
ಸೀಡಿಯೊಳಗ ಬಂದ ಯಾವ ದೇಶದ್ದೋ.
ದುಂಡವ್ವನ ಮುಖ ಒಂದೀಟು ತೊಳದೆ:
ಹಣಿ ಮ್ಯಾಲಿನ ಹಚ್ಚಿಬೊಟ್ಟು ಹೋತು,
ಗಲ್ಲದ ಗೆರಿ ಹೋದ್ವು,
ಮೂವತ್ತು ವರ್ಷ ಹೋದ್ವು, ಚಾ ಆರೂದ್ರಾಗ.

ಆಕಿ ಬಂದ್ಲು ನೋಡಾಕ. ಪರದೆ ಮುಂದ ನಿಂತು
ತನ್ನ ತಾ ಹುಡುಕಿದ್ಲು.
"ಚಲೋ ಅದಾಳಪಾ ಹುಡುಗಿ. ಯಾರ ಮಗಳು?"

ಚನ್ನಮಲ್ಲ ನಕ್ಕ. ನಾನೂ ನಕ್ಕೆ.
ಆಕಿ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ,
ಕುರ್ಚಿ ಹಿಡಕೊಂಡು ಸಾವಕಾಶ ಕುಂತ್ಲು.
ಆಗ ಕಂಡಿದ್ದು ಆ ಕೈ.
ಅಂಗೈ ನಡುವ ಗೂಟದ ಗುರುತು,
ಗಟ್ಟಿ, ನುಣ್ಣಗ, ಸವದ ನಾಣ್ಯದಂಗ.

ರಾತ್ರಿ ಕರೆಂಟ್ ಹೋಗೂ ಮೊದಲು ಇನ್ನೊಂದು ಮಾಡಿದೆ.
ಎರಡಽ ಬಣ್ಣ: ಕರೀದು, ಮತ್ತ ಇಟ್ಟಂಗಿ ಕೆಂಪು.
ಬೀಸುಕಲ್ಲು, ಗೂಟ, ಗೂಟದ ಮ್ಯಾಲ ಒಂದು ಕೈ.
ಮುಖ ಇಲ್ಲ. ಹೆಸರು ಕೆಳಗ, ಸಣ್ಣಗ,
ಬಗ್ಗಿ ಓದೂವಷ್ಟು.
ಕಲ್ಲಿನ ಸುತ್ತ ಸುರಿಯೂ ಹಿಟ್ಟಿಗೆ
ಯಾವ ಬಣ್ಣಾನೂ ಸರಿ ಬರಲಿಲ್ಲ,
ಕೆನೀ ಹಚ್ಚಿದೆ, ಬೂದಿ ಹಚ್ಚಿದೆ, ಅಳಿಸಿದೆ.
ಕಡೀಕ ಶಾಯಿನಽ ಹಾಕಲಿಲ್ಲ.
ಕಾಗದಾನ ಬಿಟ್ಟುಬಿಟ್ಟೆ, ಬೆಳ್ಳಗ.

"ಮಾರಿ ಇಲ್ಲದ ಪೋಸ್ಟರ್ ಯಾರ್ ನೋಡ್ತಾರೋ?"
"ಖರ್ಚು ಅರ್ಧ ಆಗ್ತೈತಿ" ಅಂದೆ. ಅಷ್ಟು ಸಾಕಾತು ಅವಗ.
ಐನೂರು ಜಲಪಾತ, ಐವತ್ತು ಕೈ.

ಸುಳ್ಳು ಯಾಕ ಹೇಳ್ಲಿ, ಕ್ಯಾಸೆಟ್ ಮಾರಿದ್ದು ಜಲಪಾತ.
ಜಮಖಂಡಿ, ತೇರದಾಳ, ಮುಧೋಳ ಸ್ಟ್ಯಾಂಡಿನಾಗ
ಹುಡುಗರು ಆ ಮುಖಾ ನೋಡಿ ಒಯ್ದ್ರು,
ಮೊದಲನೇ ಪದಕ್ಕ ಮುದುಕಿ ದನಿ ಕೇಳಿ
ಒಬ್ಬಿಬ್ಬರು ತಿರುಗಿ ತಂದ್ರು.

ಕೈ ಎಲ್ಲೆಲ್ಲಿ ಹಚ್ಚಿದ್ರೋ ಗೊತ್ತಿಲ್ಲ.
ಒಂದು ಕಂಡೀನಿ, ಮಾಬಣ್ಣನ ಗಿರಣಿ ಗ್ವಾಡಿ ಮ್ಯಾಲ.
ಪಾಳಿ ನಿಂತ ಹೆಣ್ಣುಮಕ್ಕಳು, ಜ್ವಾಳದ ಬುಟ್ಟಿ,
ಬೆಲ್ಟಿನ ಸಪ್ಪಳಕ್ಕ ಒಬ್ಬರ ಮಾತು ಒಬ್ರಿಗೆ ಕೇಳ್ಸೂದಿಲ್ಲ.
ಒಬ್ಬ ಮುದುಕಿ, ಓದಾಕ ಬರದಾಕಿ,
ಪೋಸ್ಟರ್ ಮುಂದ ನಿಂತು
ಬಲಗೈ ಮುಷ್ಟಿ ಮಾಡಿ ಗಾಳಿಯೊಳಗ
ಒಂದು ಸುತ್ತು ತಿರುವಿದ್ಲು.
ಮತ್ತೊಂದು ಸುತ್ತು. ತುಟಿ ಅಲ್ಲಾಡ್ತಿತ್ತು.

ಗಿರಣಿ ಹಿಟ್ಟು ಹಾರಿ ಹಾರಿ
ಪೋಸ್ಟರ್ ತುಂಬ ಕುಂತಿತ್ತು.
ನಾ ಬಿಟ್ಟ ಬಿಳಿ ಎಲ್ಲಿಗೆ ಮುಗೀತು,
ಹಿಟ್ಟು ಎಲ್ಲಿಂದ ಸುರು ಆತು,
ಮಾಡಿದಾಂವಗಽ ತಿಳೀಲಿಲ್ಲ.

ಆಕಿ ಕ್ಯಾಸೆಟ್ ಕೊಂಡಳೋ ಇಲ್ಲೋ ಕೇಳಬ್ಯಾಡ್ರಿ.
ಮನ್ಯಾಗ ಟೇಪ್ ಇತ್ತೋ ಇಲ್ಲೋ.